ಸಾವನ್ನು ತಪ್ಪಿಲ್ಲದೆ ಹೇಳುವುದು: ಮರಣೋತ್ತರ ಅಂಗದಾನದಲ್ಲಿ ಐಸಿಯು ವೈದ್ಯರ ಕೆಲಸ

ರಾತ್ರಿ ಪಾಳಿಯ ನರ್ಸ್ ಯೂರಿನ್ ಬ್ಯಾಗ್ ಖಾಲಿ ಮಾಡಿ ಒಂದು ಗಂಟೆ ಆಗಿದೆ ಅಷ್ಟೆ, ಆಗಲೇ ಅರ್ಧ ಲೀಟರ್ ತುಂಬಿದೆ. ಬಣ್ಣ ನೀರಿನ ಹಾಗಿದೆ. ಸಂಜೆ 200 ದಾಟಿದ್ದ ಬಿಪಿ ಈಗ 80ಕ್ಕೆ ಇಳಿದಿದೆ. ಟಾರ್ಚ್ ಬಿಟ್ಟರೆ ಎರಡೂ ಕಣ್ಣಿನ ಪಾಪೆ ಅಲುಗುವುದಿಲ್ಲ. ಉಸಿರಿನ ಟ್ಯೂಬಿನಿಂದ ಕಫ ಎಳೆಯಲು ಸಕ್ಷನ್ ಮಾಡುವಾಗ ನಿನ್ನೆವರೆಗೂ ಬರುತ್ತಿದ್ದ ಕೆಮ್ಮು ಇವತ್ತು ಇಲ್ಲ. ತಲೆಗೆ ಪೆಟ್ಟು ಬಿದ್ದೋ ಮೆದುಳಿನಲ್ಲಿ ರಕ್ತಸ್ರಾವವಾಗಿಯೋ ವೆಂಟಿಲೇಟರ್ ಮೇಲಿರುವವರಲ್ಲಿ ಇಷ್ಟು ಕಂಡರೆ, ಮೆದುಳಿನ ಕಾಂಡ (ಉಸಿರಾಟ ನಡೆಸುವ ಮೆದುಳಿನ ಬುಡ) ಸತ್ತಿರಬಹುದೆಂದು ಡ್ಯೂಟಿ ಡಾಕ್ಟರ್ ಅನುಮಾನಿಸಲೇಬೇಕು.

ಅಂಗದಾನದಲ್ಲಿ ಐಸಿಯು ವೈದ್ಯರ ಕೆಲಸ ಇಲ್ಲಿಂದ ಶುರು. ಆ ಕೆಲಸ ಅಂಗ ಕೇಳುವುದಲ್ಲ. ಸಾವು ಸಂಭವಿಸಿದೆಯೇ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ಪತ್ತೆಹಚ್ಚುವುದು, ಅದನ್ನು ಮನೆಯವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು, ಅವರು ಒಪ್ಪಿದರೆ ಅಂಗಗಳನ್ನು ಕಾಪಾಡುವುದು. ಈ ಕ್ರಮ ಹಿಂದುಮುಂದಾದರೆ ಎಲ್ಲವೂ ಕೆಡುತ್ತದೆ. ಸಾವಿನ ಸುದ್ದಿ ಸರಿಯಾಗಿ ತಲುಪುವ ಮುಂಚೆಯೇ ಕಿಡ್ನಿಯ ಮಾತೆತ್ತಿದರೆ, ಆ ಮನೆಯವರಿಗೆ ನಮ್ಮ ಮೇಲಿದ್ದ ನಂಬಿಕೆ ಅಲ್ಲಿಗೇ ಮುಗಿಯಿತು.

ಮೊದಲ ಫೋನ್

ಮೆದುಳಿಗೆ ಭಾರಿ ಪೆಟ್ಟು, ಜಿಸಿಎಸ್ (ಪ್ರಜ್ಞೆಯ ಮಟ್ಟ ಅಳೆಯುವ ಅಂಕ) 5 ಅಥವಾ ಅದಕ್ಕಿಂತ ಕಡಿಮೆ, ಟ್ಯೂಬ್ ಹಾಕಿ ವೆಂಟಿಲೇಟರ್ ಮೇಲಿದ್ದಾರೆ, ಚೇತರಿಕೆಯ ದಾರಿ ಕಾಣುತ್ತಿಲ್ಲ: ಇಷ್ಟಿದ್ದರೆ ಆಸ್ಪತ್ರೆಯಲ್ಲಿ ಅಂಗದಾನದ ಏರ್ಪಾಟು ನೋಡಿಕೊಳ್ಳುವ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್‌ಗೆ ತಿಳಿಸಿ. ಇದು ಬರೀ ಮಾಹಿತಿ, ತೀರ್ಮಾನವಲ್ಲ. ಫೋನ್ ಮಾಡಿದ ಮಾತ್ರಕ್ಕೆ ಚಿಕಿತ್ಸೆ ಕಡಿಮೆ ಮಾಡುವಂತಿಲ್ಲ. ಮೆದುಳಿನ ಊತ ಇಳಿಸುವ ಮ್ಯಾನಿಟಾಲ್, ನ್ಯೂರೋ ಸರ್ಜನ್ ಸಲಹೆ, ಮತ್ತೊಮ್ಮೆ ಸಿಟಿ ಸ್ಕ್ಯಾನ್, ಎಲ್ಲವೂ ಮೊದಲಿನಂತೆಯೇ ನಡೆಯಬೇಕು.

1994ರ ಮಾನವ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಬಂದ ಮೇಲೆ, ಐಸಿಯುನಲ್ಲಿರುವವರು ಮೊದಲೇ ಅಂಗದಾನಕ್ಕೆ ಒಪ್ಪಿದ್ದರೇ ಎಂದು ಕೋಆರ್ಡಿನೇಟರ್ ಜೊತೆ ಸೇರಿ ವಿಚಾರಿಸುವುದು, ಇಲ್ಲದಿದ್ದರೆ ಹತ್ತಿರದ ಸಂಬಂಧಿಕರಿಗೆ ಆ ಅವಕಾಶ ತಿಳಿಸುವುದು ವೈದ್ಯರ ಕಾನೂನುಬದ್ಧ ಹೊಣೆ. ಕರ್ನಾಟಕದಲ್ಲಿ ಅಂಗಗಳ ಹಂಚಿಕೆ, ಸಮನ್ವಯ ಎಲ್ಲವೂ ಸರ್ಕಾರದ ಜೀವಸಾರ್ಥಕತೆ ಸಂಸ್ಥೆಯ ಮೂಲಕವೇ ಆಗಬೇಕು. ಅಂಗ ತೆಗೆಯಲು ಕಸಿ ಮಾಡುವ ಆಸ್ಪತ್ರೆಯೇ ಆಗಿರಬೇಕೆಂದಿಲ್ಲ, ಅಂಗ ಪಡೆಯುವ ಕೇಂದ್ರವಾಗಿ ನೋಂದಣಿ ಮಾಡಿಸಿಕೊಂಡ ಐಸಿಯು ಇದ್ದರೂ ಸಾಕು.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. "ವಯಸ್ಸು 66, ಶುಗರ್ ಇದೆ, ಇವರದ್ದು ಆಗಲ್ಲ ಬಿಡಿ" ಎಂದು ಡ್ಯೂಟಿ ರೂಮಿನಲ್ಲೇ ತೀರ್ಮಾನವಾಗಿಬಿಡುತ್ತದೆ. ವಯಸ್ಸೊಂದೇ ಅಡ್ಡಿಯಲ್ಲ. ಕಿಡ್ನಿ ಆಗದಿದ್ದರೆ ಲಿವರ್ ಆಗಬಹುದು. ಯೋಗ್ಯವೋ ಅಲ್ಲವೋ ಎನ್ನುವುದನ್ನು ಕಸಿ ತಂಡ ನೋಡಿಕೊಳ್ಳುತ್ತದೆ. ಐಸಿಯು ವೈದ್ಯರು ಮುಚ್ಚಿಡದೆ ಹೇಳಬೇಕಾದ್ದು ಬೇರೆ: ನಾಯಿ ಕಚ್ಚಿದ್ದ ಇತಿಹಾಸ, ಕಾರಣ ತಿಳಿಯದ ಮೆದುಳು ಜ್ವರ, ಮೈಯೆಲ್ಲ ಹರಡಿದ ಕ್ಯಾನ್ಸರ್. ರೇಬೀಸ್ ಕಸಿಯ ಮೂಲಕ ಹರಡಿದ ಉದಾಹರಣೆಗಳು ಜಗತ್ತಿನಲ್ಲಿವೆ.

ಪರೀಕ್ಷೆಗೆ ಕೈಹಾಕುವ ಮುನ್ನ

ಮೆದುಳಿನ ಕಾಂಡ ಸತ್ತಿದೆ ಎಂದು ಹೇಳಲು ಮೊದಲು ಕಾರಣ ಗೊತ್ತಿರಬೇಕು, ಆ ಕಾರಣ ಸ್ಕ್ಯಾನ್‌ನಲ್ಲಿ ಕಾಣಬೇಕು. ಕೋಮಾಗೆ ಕಾರಣವೇ ಗೊತ್ತಿಲ್ಲದಿದ್ದರೆ ಪರೀಕ್ಷೆಯ ಮಾತೇ ಬೇಡ.

ನಮ್ಮ ಊರುಗಳಲ್ಲಿ ಇದನ್ನು ಎರಡು ಸಲ ಹೇಳಬೇಕು. ಕ್ರೇಟ್ ಎಂದು ಕರೆಯುವ ಕಟ್ಟುಹಾವು ಕಚ್ಚಿದವರು ನೆಲದ ಮೇಲೆ ಮಲಗಿದ್ದವರು, ರಾತ್ರಿ ಕಚ್ಚಿದ್ದು ಬೆಳಿಗ್ಗೆವರೆಗೆ ಗೊತ್ತಾಗಿರುವುದಿಲ್ಲ, ಗಾಯ ಹುಡುಕಿದರೂ ಸಿಗುವುದಿಲ್ಲ. ವಿಷ ಏರಿದಾಗ ಪಾಪೆ ಹಿಗ್ಗಿ ನಿಲ್ಲುತ್ತದೆ, ಕೈಕಾಲು ಅಲುಗುವುದಿಲ್ಲ, ಉಸಿರಿಲ್ಲ, ಕೆಮ್ಮಿಲ್ಲ. ನೋಡಲು ಪೂರ್ತಿ ಮೆದುಳು ಸತ್ತವರ ಹಾಗೆಯೇ. ಆದರೆ ಒಳಗೆ ಮೆದುಳು ಚೆನ್ನಾಗಿದೆ. ಕೆಲವು ದಿನ ವೆಂಟಿಲೇಟರ್ ಮೇಲಿಟ್ಟರೆ ಎದ್ದು ಮನೆಗೆ ನಡೆದುಹೋಗುತ್ತಾರೆ. ಕ್ರಿಮಿನಾಶಕ ಕುಡಿದವರಲ್ಲೂ ಇದೇ ಅಪಾಯ. ವಿಷದಿಂದ ಸ್ನಾಯು ಸೋತಿರುತ್ತದೆ, ಆ ವಿಷಕ್ಕೆ ಮದ್ದಾಗಿ ನಾವು ಕೊಟ್ಟ ಆಟ್ರೋಪಿನ್‌ನಿಂದ ಪಾಪೆ ಹಿಗ್ಗಿರುತ್ತದೆ. ಸಿಟಿ ಸ್ಕ್ಯಾನ್ ಸಹಜವಾಗಿದ್ದು ಪರೀಕ್ಷೆ ಮಾತ್ರ "ಸತ್ತಿದೆ" ಅನ್ನುತ್ತಿದ್ದರೆ ಅಲ್ಲೇ ನಿಲ್ಲಿಸಿ, ಇತಿಹಾಸ ಮತ್ತೆ ಕೇಳಿ.

ಇನ್ನುಳಿದವನ್ನು ಚಾರ್ಟ್ ನೋಡಿ ಖಚಿತಪಡಿಸಿಕೊಳ್ಳಬಹುದು. ಮೈಯ ಒಳಗಿನ ಶಾಖ 36 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು. ಮೇಲಿನ ಬಿಪಿ 100 ಅಥವಾ ಹೆಚ್ಚು. ಸೋಡಿಯಂ, ಸಕ್ಕರೆ, ರಕ್ತದ ಆಮ್ಲತೆ ತೀರಾ ಹದ ತಪ್ಪಿರಬಾರದು. ಮಂಪರು ತರುವ ಮಿಡಜೋಲಾಮ್, ನೋವು ಕಳೆಯುವ ಫೆಂಟನಿಲ್ ನಿಲ್ಲಿಸಿ ಆಯಾ ಔಷಧದ ಅರ್ಧಾಯುವಿನ (ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಅವಧಿ) 5 ಪಟ್ಟು ಸಮಯವಾದರೂ ಕಳೆದಿರಬೇಕು. ಕಿಡ್ನಿ, ಲಿವರ್ ಸೋತಿದ್ದರೆ ಇನ್ನೂ ಹೆಚ್ಚು. ಮೈಯಲ್ಲಿ ಬಹಳ ಹೊತ್ತು ಉಳಿಯುವ ಫಿನೋಬಾರ್ಬಿಟೋನ್, ಥಯೋಪೆಂಟೋನ್ ಕೊಟ್ಟಿದ್ದರೆ ದಿನಗಟ್ಟಲೆ ಕಾಯಬೇಕಾಗುತ್ತದೆ. ಟ್ಯೂಬ್ ಹಾಕುವಾಗ ಕೊಟ್ಟ ಸ್ನಾಯು ಸಡಿಲಿಸುವ ಔಷಧ ಇಳಿದಿದೆಯೇ ಎಂದು ನರ ಉದ್ದೀಪಕ ಯಂತ್ರದಿಂದ ನೋಡಿ. ಅದಿಲ್ಲದಿದ್ದರೆ ಮಂಡಿಗೆ ಹ್ಯಾಮರ್ ತಟ್ಟಿ ನೋಡಿ, ಕಾಲು ಎಗರಿದರೆ ಔಷಧ ಇಳಿದಿದೆ ಎಂದೇ ಅರ್ಥ. ಹೃದಯ ನಿಂತು ಮರಳಿ ಬಂದವರಲ್ಲಿ ಕನಿಷ್ಠ 24 ಗಂಟೆ ಕಾದ ನಂತರವೇ ಪರೀಕ್ಷೆ.

ಹಾಸಿಗೆಯ ಪಕ್ಕದ ಪರೀಕ್ಷೆ

ಮೆದುಳಿನ ಕಾಂಡ ಸತ್ತಿದ್ದರೆ ಮುಂದಿನ ಯಾವುದಕ್ಕೂ ಪ್ರತಿಕ್ರಿಯೆ ಇರುವುದಿಲ್ಲ. ಪಾಪೆಗೆ ಜೋರು ಬೆಳಕು ಬಿಡಿ. ಹತ್ತಿಯ ಎಳೆಯನ್ನು ಕಪ್ಪುಗುಡ್ಡೆಯ ಮೇಲೆ ಮುಟ್ಟಿಸಿ, ರೆಪ್ಪೆ ಮಿಟುಕುತ್ತದೆಯೇ ನೋಡಿ. ಒರಟಾಗಿ ಉಜ್ಜಬೇಡಿ, ಆ ಕಪ್ಪುಗುಡ್ಡೆ ನಾಳೆ ಇನ್ನೊಬ್ಬರ ಕಣ್ಣಾಗಬಹುದು. ಹುಬ್ಬಿನ ಮೂಳೆಯ ಅಂಚನ್ನು ಒತ್ತಿದಾಗ ಮುಖ ಕಿವುಚುತ್ತದೆಯೇ ನೋಡಿ. ಗಂಟಲಿನ ಹಿಂಭಾಗ ಮುಟ್ಟಿ, ಟ್ಯೂಬ್ ಒಳಗೆ ಆಳಕ್ಕೆ ಸಕ್ಷನ್ ಹಾಕಿ, ಓಕರಿಕೆ, ಕೆಮ್ಮು ಬರುತ್ತದೆಯೇ ನೋಡಿ. ತಲೆಯನ್ನು ಪಕ್ಕಕ್ಕೆ ತಿರುಗಿಸಿ ಕಣ್ಣುಗುಡ್ಡೆಯ ಚಲನೆ ನೋಡುವುದನ್ನು ಕತ್ತಿನ ಮೂಳೆ ಮುರಿದಿರುವ ಸಂಶಯವಿದ್ದರೆ ಮಾಡಬೇಡಿ.

ಕಿವಿಗೆ ಐಸ್ ನೀರು ಬಿಡುವ ಪರೀಕ್ಷೆ ಕಾಟಾಚಾರಕ್ಕೆ ಮುಗಿಯುವುದೇ ಹೆಚ್ಚು. ಮೊದಲು ಕಿವಿಯೊಳಗೆ ನೋಡಬೇಕು. ಗುಗ್ಗೆ ತುಂಬಿದ್ದರೆ, ರಕ್ತ ಹೆಪ್ಪುಗಟ್ಟಿದ್ದರೆ ನೀರು ಕಿವಿಯ ತಮಟೆಯನ್ನು ಮುಟ್ಟುವುದೇ ಇಲ್ಲ. ತಮಟೆ ಹರಿದಿದ್ದರೆ ಆ ಕಿವಿಗೆ ನೀರು ಬಿಡಬಾರದು. ತಲೆಯ ಭಾಗ 30 ಡಿಗ್ರಿ ಎತ್ತರಿಸಿ, ಐಸ್ ಕರಗುತ್ತಿರುವ ನೀರು 50 ಮಿ.ಲೀ. ಸಿರಿಂಜಿನಿಂದ ನಿಧಾನವಾಗಿ ಬಿಡಿ. ಒಬ್ಬರು ಎರಡೂ ರೆಪ್ಪೆ ತೆರೆದು ಹಿಡಿದು ಕಣ್ಣುಗುಡ್ಡೆ ಅಲುಗುತ್ತದೆಯೇ ಎಂದು ಪೂರ್ತಿ ಒಂದು ನಿಮಿಷ ನೋಡಲಿ. 5 ನಿಮಿಷ ಬಿಟ್ಟು ಇನ್ನೊಂದು ಕಿವಿ.

ಕೊನೆಯದು ಆ್ಯಪ್ನಿಯಾ ಟೆಸ್ಟ್ (ವೆಂಟಿಲೇಟರ್ ಕಳಚಿ ತಾನಾಗಿ ಉಸಿರು ಬರುತ್ತದೆಯೇ ಎಂದು ನೋಡುವುದು), ಎಲ್ಲಕ್ಕಿಂತ ಮುಖ್ಯ. ಮಾಡಲು ಹಿಂಜರಿಯುವುದೂ ಇದನ್ನೇ, ಏಕೆಂದರೆ ಅವಸರದಲ್ಲಿ ಮಾಡಿದರೆ ಹೃದಯವೇ ನಿಂತುಬಿಡಬಹುದು. 10 ನಿಮಿಷ 100 ಪರ್ಸೆಂಟ್ ಆಕ್ಸಿಜನ್ ಕೊಡಿ. ಉಸಿರಿನ ಲೆಕ್ಕ ತಗ್ಗಿಸಿ ರಕ್ತದ ಕಾರ್ಬನ್ ಡೈಆಕ್ಸೈಡ್ ಅನ್ನು 35ರಿಂದ 45 ಮಿ.ಮೀ. ನಡುವೆ ತಂದು ಎಬಿಜಿ (ರಕ್ತದ ಅನಿಲಗಳ ಪರೀಕ್ಷೆ) ಕಳಿಸಿ. ವೆಂಟಿಲೇಟರ್ ಕಳಚಿ, ಟ್ಯೂಬ್ ಒಳಗೆ ತೆಳ್ಳನೆಯ ಕ್ಯಾಥೆಟರ್ ಇಳಿಸಿ ನಿಮಿಷಕ್ಕೆ 4ರಿಂದ 6 ಲೀಟರ್ ಆಕ್ಸಿಜನ್ ಬಿಡಿ. ಕ್ಯಾಥೆಟರ್ ದಪ್ಪವಾಗಿ ಟ್ಯೂಬನ್ನೇ ಮುಚ್ಚಿದರೆ ಗಾಳಿ ಹೊರಬರಲಾರದೆ ಶ್ವಾಸಕೋಶ ಒಡೆಯಬಹುದು. ಆಕ್ಸಿಜನ್ ಜೋರಾಗಿ ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ಕೊಚ್ಚಿಹೋಗಿ ಮಟ್ಟ ಏರುವುದೇ ಇಲ್ಲ. ಹೊದಿಕೆ ತೆಗೆದು ಎದೆ, ಹೊಟ್ಟೆ ಎರಡನ್ನೂ 8ರಿಂದ 10 ನಿಮಿಷ ಕಣ್ಣು ಕೀಳದೆ ನೋಡಿ. ನಿಮಿಷಕ್ಕೆ ಸುಮಾರು 3 ಮಿ.ಮೀ. ಏರುತ್ತದೆ. ಮತ್ತೆ ಎಬಿಜಿ ತೆಗೆದಾಗ ಮಟ್ಟ 60 ಅಥವಾ ಹೆಚ್ಚಾಗಿದ್ದು (ಮೊದಲೇ ಏರಿರುವ ದೀರ್ಘಕಾಲದ ಶ್ವಾಸಕೋಶ ರೋಗಿಗಳಲ್ಲಿ ಅವರ ಮಾಮೂಲು ಮಟ್ಟಕ್ಕಿಂತ 20 ಹೆಚ್ಚು), ಪಿಎಚ್ 7.30ಕ್ಕಿಂತ ಕೆಳಗಿದ್ದು, ಒಂದೂ ಉಸಿರು ಬರದಿದ್ದರೆ ಕಾಂಡದ ಉಸಿರಿನ ಕೇಂದ್ರ ಸತ್ತಿದೆ. ನಡುವೆ ಬಿಪಿ 90ಕ್ಕಿಂತ ಇಳಿದರೆ, ಆಕ್ಸಿಜನ್ ಸ್ಯಾಚುರೇಶನ್ 85ಕ್ಕಿಂತ ಕೆಳಗೆ ಹೋದರೆ, ಹೃದಯದ ಲಯ ತಪ್ಪಿದರೆ ತಕ್ಷಣ ಎಬಿಜಿ ತೆಗೆದು ವೆಂಟಿಲೇಟರ್‌ಗೆ ಸೇರಿಸಿ.

"ಡಾಕ್ಟ್ರೇ, ಪೇಷೆಂಟ್ ಟ್ರಿಗರ್ ಮಾಡ್ತಿದ್ದಾರೆ" (ತಾವೇ ಉಸಿರೆಳೆಯುತ್ತಿದ್ದಾರೆ) ಎಂದು ನರ್ಸ್ ಕರೆದರೆ ಹೋಗಿ ನೋಡಲೇಬೇಕು. ಹೃದಯ ಬಡಿತದ ಅಲುಗಾಟಕ್ಕೋ, ಟ್ಯೂಬಿನಲ್ಲಿ ನಿಂತ ನೀರಿಗೋ, ಲೀಕ್‌ಗೋ ಸೂಕ್ಷ್ಮವಾಗಿ ಇಟ್ಟ ವೆಂಟಿಲೇಟರ್ ತಾನೇ ಉಸಿರು ಕೊಟ್ಟು "ರೋಗಿ ಎಳೆದದ್ದು" ಎಂದು ತೋರಿಸುತ್ತದೆ. ಸೆಟ್ಟಿಂಗ್ ಬದಲಿಸಿದರೆ ಗೊತ್ತಾಗುತ್ತದೆ. ನಿಜವಾದ ಉಸಿರೇ ಆಗಿದ್ದರೆ ಅಲ್ಲಿಗೆ ಪರೀಕ್ಷೆ ನಿಂತಿತು, ಆ ವ್ಯಕ್ತಿ ಬದುಕಿದ್ದಾರೆ.

ನಾಲ್ವರ ಸಹಿ, ಎರಡು ಸುತ್ತು

ಒಬ್ಬರೇ ಹೇಳಿದರೆ ಕಾನೂನು ಒಪ್ಪುವುದಿಲ್ಲ. ಆಸ್ಪತ್ರೆಯ ಹೊಣೆ ಹೊತ್ತ ವೈದ್ಯರು, ಸರ್ಕಾರದ ಪ್ರಾಧಿಕಾರ ಒಪ್ಪಿದ ಪಟ್ಟಿಯಲ್ಲಿರುವ ಒಬ್ಬ ತಜ್ಞರು, ಅದೇ ಪಟ್ಟಿಯ ನ್ಯೂರಾಲಜಿಸ್ಟ್ ಅಥವಾ ನ್ಯೂರೋ ಸರ್ಜನ್, ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಹೀಗೆ ನಾಲ್ವರು. ನರರೋಗ ತಜ್ಞರು ಸಿಗದ ಕಡೆ ಸರ್ಜನ್ ಅಥವಾ ಫಿಜಿಶಿಯನ್ ಜೊತೆಗೆ ಅರಿವಳಿಕೆ ತಜ್ಞರನ್ನೋ ಐಸಿಯು ತಜ್ಞರನ್ನೋ ನೇಮಿಸಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಜಿಲ್ಲಾ ಊರುಗಳಿಗೆ ಇದು ದೊಡ್ಡ ಅನುಕೂಲ. ಇವರಲ್ಲಿ ಯಾರೂ ಕಸಿ ತಂಡದವರಾಗಿರಬಾರದು. ಇಡೀ ಪರೀಕ್ಷೆಯನ್ನು ಕನಿಷ್ಠ 6 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಿ ಕಸಿ ನಿಯಮಗಳ ಫಾರ್ಮ್ 10ರಲ್ಲಿ ಬರೆಯಬೇಕು. ಎರಡೂ ಸುತ್ತಿನ ದಿನಾಂಕ, ಗಂಟೆ, ಎಬಿಜಿ ಚೀಟಿ ಕೇಸ್ ಶೀಟ್‌ನಲ್ಲಿರಲಿ. ಎರಡನೇ ಸುತ್ತನ್ನು ಮಾಡದೆ ಬರೆದುಬಿಡುವ ಯೋಚನೆ ಯಾರಿಗೂ ಬರಬಾರದು. ಅಂಥ ಒಂದು ಘಟನೆ ಸಾಕು, ಇಡೀ ರಾಜ್ಯದಲ್ಲಿ ಜನ ಅಂಗದಾನಕ್ಕೆ ಬೆನ್ನು ತಿರುಗಿಸಲು.

ಮನೆಯವರ ಮುಂದೆ ಯಾವ ಪದ

ಪತ್ರಿಕೆ, ಟಿವಿ, ಆಸ್ಪತ್ರೆಯ ಪ್ರಕಟಣೆ ಎಲ್ಲ ಕಡೆ ಬಳಕೆಯಲ್ಲಿರುವುದು "ಮೆದುಳು ನಿಷ್ಕ್ರಿಯಗೊಂಡಿದೆ" ಎಂಬ ಮಾತು. ಐಸಿಯು ಬಾಗಿಲಲ್ಲಿ ನಿಂತವರಿಗೆ ಈ ಪದ ಹೇಳಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಬ್ಯಾಂಕ್ ಖಾತೆಯೂ ನಿಷ್ಕ್ರಿಯವಾಗುತ್ತದೆ, ಅರ್ಜಿ ಕೊಟ್ಟರೆ ಮತ್ತೆ ಚಾಲ್ತಿಗೆ ಬರುತ್ತದೆ. ನಿಷ್ಕ್ರಿಯ ಎಂದು ಕೇಳಿದ ತಾಯಿ "ಹಾಗಾದ್ರೆ ಸಕ್ರಿಯ ಆಗೋಕೆ ಎಷ್ಟು ದಿನ ಬೇಕು ಸಾರ್?" ಎಂದೇ ಕೇಳುತ್ತಾರೆ. ಅದು ಅವರ ತಪ್ಪಲ್ಲ. "ಬ್ರೈನ್ ಡೆಡ್ ಆಗಿದೆ, ಆದ್ರೆ ಹಾರ್ಟ್ ನಡೀತಿದೆ" ಎಂಬ ಮಾತೂ ಅಷ್ಟೇ ತೊಂದರೆಯದು, ಅರ್ಧ ಸತ್ತಿದ್ದಾರೆ ಎಂಬ ಅರ್ಥ ಕೊಡುತ್ತದೆ. "ಕೋಮಾದಲ್ಲಿದ್ದಾರೆ" ಎಂದು ಹಿಂದಿನ ದಿನ ಹೇಳಿದ್ದರೆ, ಕೋಮಾದಿಂದ ಎದ್ದು ಬಂದವರ ಕಥೆ ಊರಿಗೊಂದು ಇದ್ದೇ ಇರುತ್ತದೆ.

ನಿಂತುಕೊಂಡು ಹೇಳಬೇಡಿ. ಒಂದು ಕೋಣೆ, ಕುರ್ಚಿಗಳು, ನೀರು, ನಿಮ್ಮ ಫೋನ್ ಸೈಲೆಂಟ್. ಹತ್ತಿರದವರ ಜೊತೆ ಅವರು ನಂಬುವ ಊರ ಹಿರಿಯರೋ ಭಾವನೋ ಇದ್ದರೆ ಒಳಗೆ ಕರೆಯಿರಿ. ಹೊರಗೆ ನಿಂತ ಹಿರಿಯರು ಆಮೇಲೆ "ಬೇಡ" ಅಂದರೆ ಮಾತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಮೊದಲ ಸುತ್ತಿನ ನಂತರವೇ "ಪರಿಸ್ಥಿತಿ ಕೈಮೀರಿದೆ, ಮೆದುಳು ಸತ್ತಿರುವ ಲಕ್ಷಣ ಕಾಣುತ್ತಿದೆ, ಆರು ಗಂಟೆ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡುತ್ತೇವೆ" ಎಂದು ತಿಳಿಸಿರಿ. ಎರಡನೆಯದು ಮುಗಿದ ಮೇಲೆ ಮಾತು ನೇರವಾಗಿರಲಿ:

"ಅಮ್ಮಾ, ನಿಮ್ಮ ಮಗ ತೀರಿಕೊಂಡಿದ್ದಾನೆ. ಅವನ ಮೆದುಳಿಗೆ ರಕ್ತ ಹೋಗೋದು ಪೂರ್ತಿ ನಿಂತುಹೋಗಿದೆ. ಉಸಿರಾಡು ಅಂತ ಹೇಳೋದೇ ಮೆದುಳು. ಈಗ ಎದೆ ಏಳ್ತಾ ಇರೋದು ಮಷೀನ್ ಗಾಳಿ ತುಂಬ್ತಿರೋದಕ್ಕೆ. ಅವನು ತಾನಾಗಿ ಒಂದು ಉಸಿರೂ ತಗೊಳ್ತಿಲ್ಲ. ಎರಡು ಸಲ ಪರೀಕ್ಷೆ ಮಾಡಿದ್ದೀವಿ."

ಹೇಳಿ ಸುಮ್ಮನಿರಿ. ಅಳಲಿ. "ಮೈ ಬಿಸಿ ಇದೆಯಲ್ಲ ಸಾರ್" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಕ್ಸಿಜನ್ ಸಿಗುವವರೆಗೆ ಹೃದಯ ತನ್ನಷ್ಟಕ್ಕೆ ಬಡಿಯುತ್ತದೆ, ಅದಕ್ಕೆ ಮೈ ಬೆಚ್ಚಗಿದೆ, ಹೆಚ್ಚು ಹೊತ್ತು ಹೀಗೇ ಇರುವುದಿಲ್ಲ ಎಂದು ತಿಳಿಸಿ. ಬೆರಳು ಎಳೆದುಕೊಳ್ಳಬಹುದು, ಕಾಲು ಮಡಚಬಹುದು, ಅಪರೂಪಕ್ಕೆ ಎರಡೂ ಕೈ ಎದೆಯ ಮೇಲಕ್ಕೆ ಬರಬಹುದು. ಅದು ಬೆನ್ನುಹುರಿಯ ಚಲನೆ, ಮೆದುಳಿನದ್ದಲ್ಲ. ಇದನ್ನು ಮುಂಚೆಯೇ ಹೇಳದಿದ್ದರೆ, ಅರ್ಧ ರಾತ್ರಿ ಮಗನ ಕೈ ಅಲುಗಿದ್ದನ್ನು ಕಂಡ ತಂದೆಗೆ ಆಮೇಲೆ ಏನು ವಿವರಿಸಿದರೂ ನಂಬಿಕೆ ಬರುವುದಿಲ್ಲ. ಮನೆಯವರು ಬಯಸಿದರೆ ಆ್ಯಪ್ನಿಯಾ ಟೆಸ್ಟ್ ನಡೆಯುವಾಗ ಒಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಹತ್ತು ನಿಮಿಷ ಅಲುಗದ ಎದೆಯನ್ನು ಕಣ್ಣಾರೆ ಕಂಡವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಅಂಗದಾನದ ಮಾತು ಇದೇ ಉಸಿರಿನಲ್ಲಿ ಬರಬಾರದು. ಅವರು ಸಾವನ್ನು ಒಪ್ಪಿದ್ದಾರೆ ಎಂಬುದಕ್ಕೆ ಗುರುತು, "ಇನ್ನು ಮುಂದೇನು, ಬಾಡಿ ಯಾವಾಗ ಕೊಡ್ತೀರಿ?" ಎಂಬಂಥ ಪ್ರಶ್ನೆ. ಆಗ ಕೋಆರ್ಡಿನೇಟರ್ ಅವರನ್ನು ಪರಿಚಯಿಸಿ, ಮುಂದಿನ ಮಾತು ಅವರದು. ಯಾರಿಗೆ ಅಂಗ ಹೋಗುತ್ತದೆ ಎಂಬ ಭರವಸೆಯನ್ನು ಐಸಿಯು ವೈದ್ಯರು ಕೊಡಬಾರದು. "ಅಪ್ಪು ಸರ್ ಥರ ಕಣ್ಣು ಕೊಡ್ತೀವಿ" ಎನ್ನುವವರು ಬಹಳ. ಕಣ್ಣನ್ನು ಹೃದಯ ನಿಂತ ನಂತರವೂ ಸುಮಾರು 6 ಗಂಟೆಯೊಳಗೆ ಪಡೆಯಬಹುದು, 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕುಟುಂಬ ಮಾಡಿದ್ದು ಅದನ್ನು. ಅದೇ ವರ್ಷ ಜೂನ್‌ನಲ್ಲಿ ಸಂಚಾರಿ ವಿಜಯ್ ಅವರ ಕುಟುಂಬ ಮಾಡಿದ್ದು ಮೆದುಳು ಸತ್ತ ನಂತರದ ಅಂಗದಾನ. ಈ ಎರಡು ಹೆಸರು ಹೇಳಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ.

ಒಪ್ಪಿಗೆ ಫಾರ್ಮ್ 8ರಲ್ಲಿ, ಹತ್ತಿರದ ಸಂಬಂಧಿಕರಿಂದ. ಮೃತರು ಮೊದಲೇ ಪ್ರತಿಜ್ಞೆ ಮಾಡಿದ್ದರೂ ಮನೆಯವರನ್ನು ಕೇಳದೆ ಮುಂದುವರಿಯುವ ರೂಢಿಯಿಲ್ಲ. 18 ತುಂಬದವರಾದರೆ ತಂದೆ ಅಥವಾ ತಾಯಿ ಒಪ್ಪಬೇಕು.

ಬೇಡ ಅಂದರೆ ಬೇಡ. ಒತ್ತಾಯವಿಲ್ಲ, ಮುಖ ಗಂಟಿಕ್ಕುವುದೂ ಇಲ್ಲ. ಆದರೆ ವೆಂಟಿಲೇಟರ್ ಏನು ಮಾಡುವುದು ಎಂಬ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ಮೆದುಳು ಸಾವಿನ ವ್ಯಾಖ್ಯಾನ ಇರುವುದು ಕಸಿ ಕಾಯ್ದೆಯೊಳಗೆ. ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟು 2023ರಲ್ಲಿ ಸರಳಗೊಳಿಸಿದ ಆದೇಶದಂತೆ, ಪ್ರಾಥಮಿಕ ಮತ್ತು ದ್ವಿತೀಯ ವೈದ್ಯಕೀಯ ಮಂಡಳಿಗಳ ಒಪ್ಪಿಗೆ, ಮನೆಯವರ ಒಪ್ಪಿಗೆ ಪಡೆದು, ಮ್ಯಾಜಿಸ್ಟ್ರೇಟ್‌ಗೆ ತಿಳಿಸಿ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ದಾರಿಯಿದೆ. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ನಿಮ್ಮ ಆಸ್ಪತ್ರೆಯ ಮಂಡಳಿ ಯಾರು ಯಾರು ಎಂದು ಇವತ್ತೇ ತಿಳಿದಿಟ್ಟುಕೊಳ್ಳಿ.

ಒಪ್ಪಿದ ಮೇಲೆ ಹಾಸಿಗೆ ಪಕ್ಕದ ಗಂಟೆಗಳು

ಸಹಿ ಬಿದ್ದ ಮೇಲೆ ಐಸಿಯು ಸಡಿಲವಾಗುತ್ತದೆ, "ಇನ್ನೇನು" ಎಂಬ ಭಾವ ಬರುತ್ತದೆ. ಅಂಗಗಳು ಹಾಳಾಗುವುದು ಆಗಲೇ. ಒಬ್ಬ ನರ್ಸ್ ಈ ಹಾಸಿಗೆಗೇ ಮೀಸಲಿರಲಿ. ನೆನಪಿಡಲು ನಾಲ್ಕು ನೂರು: ಮೇಲಿನ ಬಿಪಿ 100ಕ್ಕಿಂತ ಹೆಚ್ಚು, ಮೂತ್ರ ಗಂಟೆಗೆ 100 ಮಿ.ಲೀ., ರಕ್ತದ ಆಕ್ಸಿಜನ್ ಒತ್ತಡ 100ಕ್ಕಿಂತ ಹೆಚ್ಚು, ಹಿಮೋಗ್ಲೋಬಿನ್ ಲೀಟರಿಗೆ 100 ಗ್ರಾಂ.

ಬಿಪಿ ಬೀಳಲು ಮುಖ್ಯ ಕಾರಣ ಎರಡು. ಕಾಂಡ ಸತ್ತು ರಕ್ತನಾಳ ಸಡಿಲವಾಗಿರುವುದು, ಮತ್ತು ಮೂತ್ರದಲ್ಲಿ ನೀರು ಹರಿದುಹೋಗಿರುವುದು. ಮೊದಲು ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ತುಂಬಿಸಿ, ನಂತರ ವ್ಯಾಸೊಪ್ರೆಸಿನ್ ನಿಮಿಷಕ್ಕೆ 0.01ರಿಂದ 0.04 ಯೂನಿಟ್. ಅದು ಬಿಪಿ ಎತ್ತುತ್ತದೆ, ಮೂತ್ರವನ್ನೂ ತಡೆಯುತ್ತದೆ. ಸಾಲದಿದ್ದರೆ ನಾರ್ಅಡ್ರಿನಲಿನ್. ನಾಡಿ 40ಕ್ಕೆ ಇಳಿದಾಗ ಅಭ್ಯಾಸಬಲದಿಂದ ಆಟ್ರೋಪಿನ್ ಹಾಕಿದರೆ ಏನೂ ಆಗುವುದಿಲ್ಲ, ಅದು ಕೆಲಸ ಮಾಡಬೇಕಾದ ನರದ ಕೇಂದ್ರವೇ ಸತ್ತಿದೆ. ಡೋಪಮಿನ್, ಅಡ್ರಿನಲಿನ್ ಅಥವಾ ಐಸೊಪ್ರಿನಲಿನ್ ಬೇಕು.

ಮೂತ್ರ ಗಂಟೆಗೆ ಕೆಜಿಗೆ 4 ಮಿ.ಲೀ. ದಾಟಿ ಸೋಡಿಯಂ ಏರುತ್ತಿದ್ದರೆ ಮೂತ್ರ ತಡೆಯುವ ಡೆಸ್ಮೊಪ್ರೆಸಿನ್ 1ರಿಂದ 4 ಮೈಕ್ರೋಗ್ರಾಂ ರಕ್ತನಾಳಕ್ಕೆ. ಮೂಗಿನಿಂದ ಹೊಟ್ಟೆಗಿಳಿದ ರೈಲ್ಸ್ ಟ್ಯೂಬಿನಲ್ಲಿ ಬರೀ ನೀರು ಕೊಡಿ, ಡೆಕ್ಸ್‌ಟ್ರೋಸ್ ಕೊಟ್ಟರೆ ಸಕ್ಕರೆ ಮೇಲೆ ಕಣ್ಣಿಡಿ, 180ಕ್ಕಿಂತ ಕೆಳಗಿರಲಿ. ಸೋಡಿಯಂ 155 ದಾಟಬಾರದು, ದಾಟಿದರೆ ಲಿವರ್ ಪಡೆದವರಿಗೆ ಅಪಾಯ. ಸೋಡಿಯಂ, ಪೊಟ್ಯಾಸಿಯಂ, ಎಬಿಜಿ 4 ಗಂಟೆಗೊಮ್ಮೆ ನೋಡಿ. ಮಿಥೈಲ್‌ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ಕೆಜಿಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಬಹಳ ಕಡೆ ಕೊಡುತ್ತಾರೆ. ಥೈರಾಯ್ಡ್ ಹಾರ್ಮೋನ್ ಎಲ್ಲರಿಗೂ ಬೇಕಿಲ್ಲ, 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಹೃದಯ ಕಸಿಗೆ ಅದರಿಂದ ಲಾಭ ಕಾಣಲಿಲ್ಲ.

ವೆಂಟಿಲೇಟರ್‌ನಲ್ಲಿ ಪ್ರತಿ ಉಸಿರಿಗೆ ಎತ್ತರಕ್ಕೆ ತಕ್ಕ ತೂಕದ ಕೆಜಿಗೆ 6ರಿಂದ 8 ಮಿ.ಲೀ., ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 8ರಿಂದ 10. ತಲೆ 30 ಡಿಗ್ರಿ ಎತ್ತರ, ಸಕ್ಷನ್, ಮಗ್ಗುಲು ಬದಲಿಸುವುದು ನಿಲ್ಲಬಾರದು. ಮೈ ತಾನೇ ಶಾಖ ಹಿಡಿದಿಡಲಾರದು, ಹೊದಿಸಿ, ಬೆಚ್ಚಗಿನ ಸಲೈನ್ ಕೊಡಿ. ಕಣ್ಣುರೆಪ್ಪೆ ಮುಚ್ಚಿ ಮೇಲೆ ತಣ್ಣನೆಯ ಒದ್ದೆ ಹತ್ತಿ ಇಡಿ, ಒಣಗಿದ ಕಪ್ಪುಗುಡ್ಡೆ ಯಾರಿಗೂ ಉಪಯೋಗವಿಲ್ಲ. ರಕ್ತದ ಗುಂಪು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕಲ್ಚರ್, ಎಕೋ, ಎತ್ತರ, ತೂಕ ಇವೆಲ್ಲ ಕಸಿ ತಂಡ ಕೇಳುವ ಮೊದಲೇ ಸಿದ್ಧವಿರಲಿ. ಹೊರತೆಗೆದ ಹೃದಯಕ್ಕೆ ಸುಮಾರು 4 ಗಂಟೆ, ಲಿವರ್‌ಗೆ 12, ಕಿಡ್ನಿಗೆ 24 ಗಂಟೆಯ ಅವಧಿ ಮಾತ್ರ ಇರುವುದರಿಂದ ಆಪರೇಷನ್ ಥಿಯೇಟರಿನ ಸಮಯ ಅದರ ಮೇಲೆ ನಿಂತಿರುತ್ತದೆ.

ಅಪಘಾತದ ಕೇಸಾದರೆ ಪೊಲೀಸ್ ಕಾಗದವೂ ಜೊತೆಜೊತೆಗೆ ನಡೆಯಬೇಕು. ಒಪ್ಪಿಗೆ ಸಿಕ್ಕ ಕೂಡಲೇ ಠಾಣಾಧಿಕಾರಿಗೆ ಮನವಿ, ಅದರ ಪ್ರತಿ ಪೋಸ್ಟ್‌ಮಾರ್ಟಂ ಮಾಡುವ ವೈದ್ಯರಿಗೆ. 2014ರ ನಿಯಮಗಳ ಪ್ರಕಾರ ಆ ವೈದ್ಯರನ್ನು ಕಚೇರಿ ವೇಳೆ ಮೀರಿದ್ದರೂ ಅಂಗ ತೆಗೆಯುವಾಗಲೇ ಹಾಜರಿರಲು ಕೋರಬಹುದು. ಅಂಗ ತೆಗೆದ ವೈದ್ಯರು ಬರೆದ ವರದಿ ಪೋಸ್ಟ್‌ಮಾರ್ಟಂ ದಾಖಲೆಗೆ ಸೇರುತ್ತದೆ. 2021ರ ನವೆಂಬರ್‌ನಿಂದ ಸೂರ್ಯಾಸ್ತದ ನಂತರವೂ ಪೋಸ್ಟ್‌ಮಾರ್ಟಂಗೆ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿದೆ, ಅಂಗದಾನದ ಕೇಸುಗಳಿಗೆ ಆದ್ಯತೆಯೂ ಇದೆ. "ಬೆಳಗಾಗಲಿ" ಎಂದು ಯಾರಾದರೂ ಹೇಳಿದರೆ ಈ ಆದೇಶದ ಪ್ರತಿ ತೋರಿಸಿ.

ಬಿಲ್ಲಿಂಗ್ ಕೌಂಟರ್‌ಗೆ ನೀವೇ ಫೋನ್ ಮಾಡಿ. ದಾನಿಯ ಆರೈಕೆ, ಅಂಗ ತೆಗೆಯುವುದು, ಸಾಗಿಸುವುದು, ಇದ್ಯಾವ ಖರ್ಚೂ ಮನೆಯವರ ಮೇಲೆ ಬೀಳಬಾರದೆಂದು ನಿಯಮವೇ ಹೇಳುತ್ತದೆ. ಆದರೂ ಕಂಪ್ಯೂಟರ್ ತನ್ನಷ್ಟಕ್ಕೆ ಐಸಿಯು ಬಾಡಿಗೆ ಸೇರಿಸುತ್ತಾ ಹೋಗುತ್ತದೆ. ದೇಹವನ್ನು ಹೊಲಿದು, ಒರೆಸಿ, ಮೂಗು ಬಾಯಿಯ ಪಟ್ಟಿ ಅಂಟು ತೆಗೆದು, ಮನೆಯವರು ತಂದ ಬಟ್ಟೆ ಹಾಕಿ ಕೊಡಿ. ಹೊರಡುವ ಗಂಟೆಯನ್ನು ಮೂರು ತಾಸು ಮುಂಚೆಯೇ ಹೇಳಿದರೆ ಊರಲ್ಲಿ ಕಾಯುತ್ತಿರುವವರಿಗೆ ಅಂತ್ಯಕ್ರಿಯೆಯ ಏರ್ಪಾಟು ಮಾಡಿಕೊಳ್ಳಲು ಆಗುತ್ತದೆ.